ಸೌಂಡ್ ಇದೆ, ಚಿತ್ರ ಇಲ್ಲ: ಉಪ್ಪುಗಾಳಿಯ ಊರಿನಲ್ಲಿ ಟಿವಿ, ಡಿಸ್‌ಪ್ಲೇ ರಿಪೇರಿ

ಹೋದ ಮಳೆಗಾಲದಲ್ಲಿ ನಮ್ಮ ಕಾರವಾರದ ಕೋಡಿಬಾಗದ ಅಕ್ಕೋರೊಬ್ಬರು ಆಟೋದಲ್ಲಿ ಟಿವಿ ಹಾಕಿಕೊಂಡು ಬಂದರು. 32 ಇಂಚಿನ ಎಲ್‌ಇಡಿ ಟಿವಿ, ಹಳೆ ಬೆಡ್‌ಶೀಟಿನಲ್ಲಿ ಸುತ್ತಿತ್ತು. "ತಮಾ, ಸುದ್ದಿ ಕೇಳ್ತದೆ, ಓದುವವರ ಮುಖ ಕಾಣೂದಿಲ್ಲ" ಅಂದರು. ಮೊದಲೇ ಒಂದು ಕಡೆ ತೋರಿಸಿದ್ದರಂತೆ. ಅಲ್ಲಿ ಹಿಂದಿನ ಕವರ್ ಕೂಡ ಬಿಚ್ಚದೆ, ಪ್ಯಾನೆಲ್ (ಚಿತ್ರ ಮೂಡುವ ಗಾಜು) ಹೋಗಿದೆ, ಹೊಸದು ತಗೊಳ್ಳಿ ಅಂತ ಹೇಳಿ ಕಳಿಸಿದ್ದರು. ನಾನು ಅಂಗಡಿಯ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದೆ. ಮಸುಕಾಗಿ ಒಂದು ಮುಖ ಕಂಡಿತು, ತುಟಿ ಅಲ್ಲಾಡುತ್ತಿತ್ತು. ಪ್ಯಾನೆಲ್ ಚೆನ್ನಾಗಿಯೇ ಇತ್ತು. ಹಿಂದಿನ ದೀಪ, ಅಂದರೆ ಬ್ಯಾಕ್‌ಲೈಟ್, ಮಾತ್ರ ಸತ್ತಿತ್ತು.

ಪರದೆ ಕಪ್ಪಾಯಿತು ಅಂದರೆ ಪ್ಯಾನೆಲ್ ಹೋಯಿತು ಅನ್ನುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ನನ್ನ ಬೆಂಚಿಗೆ ಬಂದ ಕಪ್ಪು ಪರದೆಗಳಲ್ಲಿ ನಿಜಕ್ಕೂ ಪ್ಯಾನೆಲ್ ಸತ್ತಿದ್ದು ಕಡಿಮೆ. ಜಾಸ್ತಿ ಸಿಕ್ಕಿದ್ದು ಬ್ಯಾಕ್‌ಲೈಟ್, ಪವರ್ ಬೋರ್ಡ್, ಇಲ್ಲವೇ ಕಾರವಾರದ ಗಾಳಿ ಮಾಡಿದ ಕಿಲುಬು. ಮಲ್ಟಿಮೀಟರ್ ಹಿಡಿಯಲು ಬರುವವರು, ಬೆಸುಗೆ ಹಾಕಿ ಅಭ್ಯಾಸ ಇರುವವರು ಈ ಬರಹವನ್ನು ಪೂರ್ತಿ ಓದಿ. ಉಳಿದವರು ಟಾರ್ಚ್ ಪರೀಕ್ಷೆ ಮಾತ್ರ ಮಾಡಿ, ಕವರ್ ಬಿಚ್ಚುವ ಕೆಲಸ ಬಲ್ಲವರಿಗೆ ಬಿಡಿ. ಟಾರ್ಚ್ ಪರೀಕ್ಷೆ ಗೊತ್ತಿದ್ದರೆ ಪ್ಯಾನೆಲ್ ಹೋಗಿದೆ ಅಂತ ಯಾರಾದರೂ ಅಂದಾಗ ಒಂದು ಪ್ರಶ್ನೆಯನ್ನಾದರೂ ಕೇಳಬಹುದು.

ಮೊದಲು ಜೀವ

ಪ್ಲಗ್ ತೆಗೆದ ಟಿವಿಯಿಂದಲೂ ಶಾಕ್ ಹೊಡೆಯುತ್ತದೆ. ನಮ್ಮ ಮನೆಗೆ ಬರುವುದು 230 ವೋಲ್ಟ್ ಎಸಿ. ಪವರ್ ಬೋರ್ಡ್ ಅದನ್ನು ಡಿಸಿ ಮಾಡಿದಾಗ 325 ವೋಲ್ಟ್ ಆಗುತ್ತದೆ. ದೊಡ್ಡ ಟಿವಿಗಳಲ್ಲಿ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ) ಸರ್ಕ್ಯೂಟ್ ಇದ್ದರೆ 380ರಿಂದ 400 ವೋಲ್ಟ್. ಇದೆಲ್ಲ ತುಂಬಿಕೊಂಡು ಕೂರುವುದು ಬೋರ್ಡಿನ ಅತಿ ದಪ್ಪ ಕೆಪ್ಯಾಸಿಟರಿನಲ್ಲಿ. ಅದರ ಮೈಮೇಲೆ 400 ಅಥವಾ 450 ವೋಲ್ಟ್ ಅಂತ ಬರೆದಿರುತ್ತದೆ. 100 ಮೈಕ್ರೋಫ್ಯಾರಡ್‌ನದ್ದು ಅಂತ ಇಟ್ಟುಕೊಂಡರೆ ಒಳಗೆ ಸುಮಾರು 5 ಜೂಲ್ ಇರುತ್ತದೆ. ಕೇಳಲು ಸಣ್ಣ ಲೆಕ್ಕ. ಕೈಯಲ್ಲಿ ಹರಿದಾಗ ಸಣ್ಣದಲ್ಲ.

ಇನ್ನೊಂದು ವಿಷಯ ತುಂಬ ಜನಕ್ಕೆ ತಿಳಿದಿಲ್ಲ. ಸರಿ ಇರುವ ಟಿವಿಗಿಂತ ಕೆಟ್ಟ ಟಿವಿಯಲ್ಲೇ ಅಪಾಯ ಜಾಸ್ತಿ. ಸರಿ ಇರುವ ಟಿವಿಯ ಪ್ಲಗ್ ತೆಗೆದರೆ ಒಳಗಿನ ಸರ್ಕ್ಯೂಟು ಆ ಚಾರ್ಜನ್ನು ತಾನೇ ಕುಡಿದು ಮುಗಿಸುತ್ತದೆ. ಸರ್ಕ್ಯೂಟು ಸ್ಟಾರ್ಟೇ ಆಗದಿದ್ದರೆ ಕುಡಿಯುವವರು ಯಾರೂ ಇಲ್ಲ, ಚಾರ್ಜ್ ಹಾಗೇ ಕೂತಿರುತ್ತದೆ. ಕೆಲಸ ಕಲಿಯುವ ಹೊತ್ತಿನಲ್ಲಿ ನಾನು ಒಂದು ಸತ್ತ ಸೆಟ್ಟಿನ ಪ್ಲಗ್ ತೆಗೆದು, ಚಹಾ ಕುಡಿದು, ಅರ್ಧ ಗಂಟೆ ಬಿಟ್ಟು ಬಂದು ಬೋರ್ಡ್ ಎತ್ತಿದೆ. ಹೆಬ್ಬೆರಳು ಕೆಳಗಿನ ಬೆಸುಗೆಗೆ ತಾಗಿತು. ಬೋರ್ಡು ಗೋಡೆಗೆ ಹಾರಿತು, ನಾನು ಸ್ಟೂಲಿನಿಂದ ಕೆಳಗೆ. ಹೆಬ್ಬೆರಳಿನ ಮೇಲೆ ಎರಡು ಬಿಳಿ ಚುಕ್ಕಿ ತುಂಬ ದಿನ ಇದ್ದವು.

ಈಗ ನಾನು ಮಾಡುವುದು ಹೀಗೆ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವ ಜಾಗದಲ್ಲಿ ಇಡುತ್ತೇನೆ. ಕರೆಂಟ್ ಹೋಗಿದೆ ಅಂತಲೂ ನಂಬಬೇಡಿ. ಇನ್ವರ್ಟರ್ ಇರುವ ಮನೆಯಲ್ಲಿ ಲೈನ್ ಹೋದ ಮೇಲೂ ಸಾಕೆಟ್ಟಿನಲ್ಲಿ 230 ವೋಲ್ಟ್ ಇರುತ್ತದೆ. ಆಮೇಲೆ ಮೀಟರನ್ನು ಡಿಸಿ 1000 ವೋಲ್ಟ್ ರೇಂಜಿಗೆ ಹಾಕಿ ದಪ್ಪ ಕೆಪ್ಯಾಸಿಟರಿನ ಎರಡು ಕಾಲು ಅಳೆಯುತ್ತೇನೆ. ಚಾರ್ಜ್ ಇದ್ದರೆ 2.2 ಕಿಲೋಓಮ್, 10 ವ್ಯಾಟ್‌ನ ಸಿಮೆಂಟ್ ರೆಸಿಸ್ಟರನ್ನು ಆ ಕಾಲುಗಳಿಗೆ ಐದು ಸೆಕೆಂಡ್ ಹಿಡಿಯುತ್ತೇನೆ. ರೆಸಿಸ್ಟರಿನ ಎರಡೂ ತುದಿಗೆ ಚೆನ್ನಾಗಿ ಇನ್ಸುಲೇಷನ್ ಇರುವ ವೈರ್ ಬೆಸೆದು, ಸ್ಲೀವ್ ಹಾಕಿಟ್ಟುಕೊಂಡಿದ್ದೇನೆ. ಆಮೇಲೆ ಇನ್ನೊಮ್ಮೆ ಅಳೆಯುತ್ತೇನೆ. 5 ವೋಲ್ಟಿಗಿಂತ ಕೆಳಗೆ ಬಂದ ಮೇಲೆಯೇ ಕೈ. ಸ್ಕ್ರೂಡ್ರೈವರ್ ಇಟ್ಟು ಚಟ್ ಅನಿಸುವ ಪದ್ಧತಿ ಬೇಡ. ಕಿಡಿ ಹಾರುತ್ತದೆ, ಬೋರ್ಡಿನ ತಾಮ್ರದ ಗೆರೆ ಸುಡುತ್ತದೆ, ಕೆಲವು ಸಲ ಚೆನ್ನಾಗಿದ್ದ ಐಸಿಯೂ ಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ನೆಲ ಒಣಗುವುದೇ ಇಲ್ಲ, ಅಲ್ವಾ? ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು. ಒದ್ದೆ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ಚಾಲೂ ಬೋರ್ಡ್ ಮುಟ್ಟುವುದು ಹುಚ್ಚುತನ. ಒಣ ಮರದ ಹಲಗೆ ಅಥವಾ ರಬ್ಬರ್ ಮ್ಯಾಟ್ ಹಾಕಿ, ಚಪ್ಪಲಿ ಇರಲಿ, ಉಂಗುರ ಮತ್ತು ವಾಚ್ ತೆಗೆದಿಡಿ. ಒಬ್ಬರೇ ಇರುವಾಗ ಚಾಲೂ ಬೋರ್ಡಿಗೆ ಕೈ ಹಾಕಬೇಡಿ. ಕರೆಂಟ್ ಇರುವಾಗ ಅಳೆಯಲೇಬೇಕಾದರೆ ಮೀಟರಿನ ಕ್ಲಿಪ್ಪುಗಳನ್ನು ಕರೆಂಟ್ ಇಲ್ಲದಾಗ ಸಿಕ್ಕಿಸಿ, ಕೈ ದೂರ ತೆಗೆದು, ಆಮೇಲೆ ಸ್ವಿಚ್ ಹಾಕಿ.

ಹಳೇ ಡಬ್ಬಾ ಟಿವಿ, ಅಂದರೆ ಪಿಕ್ಚರ್ ಟ್ಯೂಬ್ ಇರುವುದು, ಈ ಬರಹದ ಲೆಕ್ಕಕ್ಕೆ ಬರುವುದಿಲ್ಲ. ಅದರ ಟ್ಯೂಬಿಗೆ ಹೋಗುವ ವೋಲ್ಟೇಜ್ 20,000ದ ಮೇಲೆ. ಅದನ್ನು ಗುರುವಿನ ಕೈಕೆಳಗೇ ಕಲಿಯಬೇಕು.

ಸೀರೀಸ್ ಬೋರ್ಡ್ ಮಾಡಿಕೊಳ್ಳಿ

ನನ್ನ ಬೆಂಚಿನ ಮೇಲೆ ಅತಿ ಅಗ್ಗದ, ಅತಿ ಉಪಯೋಗದ ಸಾಮಾನು ಇದು. ಒಂದು ಸಾಕೆಟ್, ಒಂದು ಬಲ್ಬ್ ಹೋಲ್ಡರ್, ಒಂದು ಸ್ವಿಚ್. ಫೇಸ್ ವೈರ್ ಮೊದಲು ಬಲ್ಬಿನ ಮೂಲಕ ಹಾದು ಆಮೇಲೆ ಸಾಕೆಟ್ಟಿಗೆ ಹೋಗಬೇಕು. ಬಲ್ಬು ಹಳೇ ತಂತಿ ಬಲ್ಬೇ ಆಗಬೇಕು, 60 ಅಥವಾ 100 ವ್ಯಾಟ್. ಎಲ್‌ಇಡಿ ಬಲ್ಬ್ ಇಲ್ಲಿ ನಡೆಯುವುದಿಲ್ಲ. ತಂತಿ ಬಲ್ಬು ಈಗ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕಿದಾಗ ನಾಲ್ಕು ಜಾಸ್ತಿ ತೆಗೆದಿಡಿ.

ಕೆಟ್ಟ ಟಿವಿಯನ್ನು ಇದರ ಮೂಲಕ ಹಾಕಿದಾಗ ಬಲ್ಬು ಒಂದು ಕ್ಷಣ ಬೆಳಗಿ ಮಂಕಾದರೆ ಶಾರ್ಟ್ ಇಲ್ಲ ಅಂತ. ಪೂರ್ತಿ ಬೆಳಗಿ ಹಾಗೇ ನಿಂತರೆ ಎಲ್ಲೋ ಶಾರ್ಟ್ ಇದೆ. ಫ್ಯೂಸ್ ಸುಡುವುದಿಲ್ಲ, ಹೊಸದಾಗಿ ಹಾಕಿದ ಮಾಸ್ಫೆಟ್ (ಪವರ್ ಬೋರ್ಡಿನಲ್ಲಿ ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್) ಉಳಿಯುತ್ತದೆ. ಆದರೆ ಇದು ಬೋರ್ಡನ್ನು ಉಳಿಸುತ್ತದೆ, ನಿಮ್ಮನ್ನಲ್ಲ. ಶಾಕ್ ಹೊಡೆಯುವುದು ತಪ್ಪುವುದಿಲ್ಲ. ಅದಕ್ಕೆ ಟಿವಿಯನ್ನು ಮೇನ್ ಲೈನಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಒಳ್ಳೆಯದು. ಆದರೆ ಆ ದಪ್ಪ ಕೆಪ್ಯಾಸಿಟರಿನ ಎರಡು ಕಾಲಿನ ನಡುವೆ ನೀವು ಸಿಕ್ಕಿಕೊಂಡರೆ ಅದಕ್ಕೂ ಗೊತ್ತಾಗುವುದಿಲ್ಲ.

ಬಿಚ್ಚುವ ಮೊದಲು ಕೇಳಿ, ನೋಡಿ, ಮೂಸಿ

ಟಿವಿ ತಂದವರ ಹತ್ತಿರ ನಾನು ಮೂರು ಮಾತು ಕೇಳುತ್ತೇನೆ. ಗುಡುಗು ಬಂದ ರಾತ್ರಿ ಹೋಯಿತಾ? ಟಿವಿ ಇರುವುದು ಸಮುದ್ರದ ಕಡೆಯ ಕಿಟಕಿಯ ಹತ್ತಿರವಾ? ಕೆಡುವ ಮೊದಲು ಮಿಣಮಿಣ ಅಂತಿತ್ತಾ? ಅರ್ಧ ರಿಪೇರಿ ಇಲ್ಲೇ ಆಗುತ್ತದೆ. ಗುಡುಗು ಅಂದರೆ ಪವರ್ ಬೋರ್ಡ್ ಅಥವಾ ಎಚ್‌ಡಿಎಂಐ ಭಾಗ. ಕಿಟಕಿ ಅಂದರೆ ಕಿಲುಬು. ಮಿಣಮಿಣ ಅಂದರೆ ಬ್ಯಾಕ್‌ಲೈಟ್ ಅಥವಾ ಕೆಪ್ಯಾಸಿಟರ್.

ಹಿಂದಿನ ಕವರ್ ತೆಗೆದ ಕೂಡಲೇ ಫೋಟೋ ತೆಗೆಯಿರಿ. ಯಾವ ವೈರ್ ಎಲ್ಲಿ, ಯಾವ ಉದ್ದದ ಸ್ಕ್ರೂ ಎಲ್ಲಿ ಅಂತ ನೆನಪಿರುತ್ತದೆ ಅನ್ನುವ ಧೈರ್ಯ ಬೇಡ. ಸ್ಟ್ಯಾಂಡಿನ ಉದ್ದ ಸ್ಕ್ರೂವನ್ನು ಬೇರೆ ತೂತಿಗೆ ಹಾಕಿ ಒಳಗಿನ ಪ್ಯಾನೆಲ್ಲಿಗೇ ಚುಚ್ಚಿದ ಟಿವಿ ನೋಡಿದ್ದೇನೆ.

ಒಳಗೆ ಸಾಮಾನ್ಯವಾಗಿ ಮೂರು ಬೋರ್ಡ್. ವೈರ್ ಬಂದು ಸೇರುವುದು ಪವರ್ ಬೋರ್ಡ್. ಎಚ್‌ಡಿಎಂಐ, ಯುಎಸ್‌ಬಿ ತೂತು ಇರುವುದು ಮೇನ್ ಬೋರ್ಡ್. ಪ್ಯಾನೆಲ್ಲಿನ ಅಂಚಿಗೆ ಚಪ್ಪಟೆ ರಿಬ್ಬನ್ನುಗಳಿಂದ ಅಂಟಿಕೊಂಡಿರುವ ಸಣ್ಣದು ಟಿ-ಕಾನ್, ಚಿತ್ರವನ್ನು ಪ್ಯಾನೆಲ್ಲಿಗೆ ಹಂಚುವುದು. ಸಣ್ಣ ಟಿವಿಗಳಲ್ಲಿ ಎಲ್ಲವೂ ಒಂದೇ ಬೋರ್ಡಿನಲ್ಲಿ ಸೇರಿರುತ್ತದೆ. ಪವರ್ ಬೋರ್ಡನ್ನು ತಿರುಗಿಸಿ ನೋಡಿ. ಮಧ್ಯೆ ತಾಮ್ರವೇ ಇಲ್ಲದ ಒಂದು ಖಾಲಿ ಓಣಿ ಕಾಣುತ್ತದೆ. ಒಂದು ಕಡೆ ಹಾಟ್ (ಮೇನ್ ಲೈನಿಗೆ ನೇರ ಸೇರಿದ್ದು), ಇನ್ನೊಂದು ಕಡೆ ಕೋಲ್ಡ್ (ಅದರಿಂದ ಬೇರ್ಪಟ್ಟದ್ದು). ಓಣಿ ದಾಟಿ ನಿಂತಿರುವುದು ಮುಖ್ಯವಾಗಿ ಟ್ರಾನ್ಸ್‌ಫಾರ್ಮರ್ ಮತ್ತು ಬೆಳಕಿನಿಂದ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್. ಹಾಟ್ ಕಡೆ ಅಳೆಯುವಾಗ ಕಪ್ಪು ಪ್ರೋಬ್ ದಪ್ಪ ಕೆಪ್ಯಾಸಿಟರಿನ ಮೈನಸ್ಸಿಗೆ, ಕೋಲ್ಡ್ ಕಡೆ ಅಳೆಯುವಾಗ ಟಿವಿಯ ಲೋಹದ ಬೆನ್ನಿಗೆ. ಇದು ಅದಲುಬದಲಾದರೆ ರೀಡಿಂಗೂ ಸುಳ್ಳು, ಅಪಾಯವೂ ಜಾಸ್ತಿ. ಆಸಿಲೋಸ್ಕೋಪ್ ಇರುವವರು ಅದರ ಅರ್ಥ್ ಕ್ಲಿಪ್ಪನ್ನು ಹಾಟ್ ಕಡೆ ಯಾವತ್ತೂ ಹಾಕಬಾರದು.

ಕೆಂಪು ದೀಪವೂ ಇಲ್ಲದಿದ್ದರೆ

ಸಾಕೆಟ್, ವೈರ್ ಸರಿ ಇದೆಯೇ ನೋಡಿಕೊಂಡು ಫ್ಯೂಸ್ ಅಳೆಯಿರಿ. ಗಾಜಿನ ಫ್ಯೂಸ್ ಒಳಗೆ ಕಪ್ಪು ಮಸಿ ಹಿಡಿದಿದ್ದರೆ ದೊಡ್ಡ ಶಾರ್ಟ್ ಆಗಿದೆ. ತಂತಿ ಸುಮ್ನೆ ತುಂಡಾಗಿದ್ದರೆ ಸಣ್ಣ ಏಟು. ಎರಡರಲ್ಲೂ ಹೊಸ ಫ್ಯೂಸ್ ಹಾಕಿ ನೇರವಾಗಿ ಕರೆಂಟ್ ಕೊಡಬೇಡಿ. ತಾಮ್ರದ ತಂತಿ ಸುತ್ತುವ ಮಾತಂತೂ ಎತ್ತಲೇಬೇಡಿ.

ಫ್ಯೂಸಿನ ಪಕ್ಕದಲ್ಲೇ ನೀಲಿ ಅಥವಾ ಹಳದಿ ಬಣ್ಣದ ಬಿಲ್ಲೆ ಇರುತ್ತದೆ. 10ಡಿ471 ಅಥವಾ 14ಡಿ471 ಅಂತ ಬರೆದಿದ್ದರೆ ಅದು ಎಂಒವಿ. ವೋಲ್ಟೇಜ್ ಮೇಲೇರಿದಾಗ ತಾನು ಸತ್ತು ಉಳಿದವರನ್ನು ಕಾಯುವ ಬಡಪಾಯಿ. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಏಪ್ರಿಲ್, ಮೇ ಗುಡುಗಿನಲ್ಲಿ ಮತ್ತೆ ಅಕ್ಟೋಬರ್ ಗುಡುಗಿನಲ್ಲಿ ಇದು ಸೀಳಿಕೊಂಡಿರುತ್ತದೆ. ಸೀಳಿದ್ದರೆ ತೆಗೆದು ಅದೇ ನಂಬರಿನದ್ದು ಹಾಕಿ. ಬಿಲ್ಲೆಯನ್ನು ತೆಗೆದು ಜಾಗ ಖಾಲಿ ಬಿಟ್ಟರೂ ಟಿವಿ ನಡೆಯುತ್ತದೆ. ಆದರೆ ಮುಂದಿನ ಗುಡುಗಿಗೆ ಕಾಯುವವರು ಯಾರೂ ಇರುವುದಿಲ್ಲ. ಕೆಲವರು ಹಾಗೆ ಬಿಟ್ಟು ಕಳಿಸುತ್ತಾರೆ, ನನಗದು ಮೋಸ ಅನಿಸುತ್ತದೆ.

ಮುಂದೆ, ಎಸಿಯನ್ನು ಡಿಸಿ ಮಾಡುವ ಬ್ರಿಜ್ ಡಯೋಡುಗಳನ್ನು ಮೀಟರಿನ ಡಯೋಡ್ ಮೋಡಿನಲ್ಲಿ ನೋಡಿ. ಒಂದು ದಿಕ್ಕಿನಲ್ಲಿ 0.4ರಿಂದ 0.7, ಇನ್ನೊಂದು ದಿಕ್ಕಿನಲ್ಲಿ ಏನೂ ಇಲ್ಲ ಅಂದರೆ ಸರಿ. ಎರಡೂ ಕಡೆ ಸೊನ್ನೆ ಬಂದು ಬೀಪ್ ಅಂದರೆ ಸತ್ತಿದೆ. ಮಾಸ್ಫೆಟ್ಟಿನ ಡ್ರೈನ್, ಸೋರ್ಸ್ ನಡುವೆ ಬೀಪ್ ಬಂದರೆ ಅದೂ ಹೋಗಿದೆ. ಆಗ ಸೋರ್ಸಿನ ಹತ್ತಿರ ಇರುವ ಕಡಿಮೆ ಓಮ್‌ನ ರೆಸಿಸ್ಟರ್ ಮತ್ತು ಪವರ್ ಐಸಿ ಎರಡನ್ನೂ ಅನುಮಾನಿಸಿ. ಮಾಸ್ಫೆಟ್ ಒಂಟಿಯಾಗಿ ಸಾಯುವುದು ಕಡಿಮೆ.

ಶಿರಸಿಯ ಭಾವನ ಮನೆಗೆ ಹೋದಾಗಲೆಲ್ಲ ನನಗೆ ಒಂದಿಲ್ಲೊಂದು ಟಿವಿ ಕಾದಿರುತ್ತದೆ. ದೇವಿಮನೆ ಘಟ್ಟ ಹತ್ತಿದ ಮೇಲೆ ರೋಗದ ತರಹವೇ ಬೇರೆ. ಅಲ್ಲಿ ಉಪ್ಪಿಲ್ಲ, ಬೂಷ್ಟು ಇದೆ, ಇರುವೆ ಇದೆ, ಹಲ್ಲಿ ಇದೆ. ಒಮ್ಮೆ ಕವರ್ ತೆಗೆದರೆ ಹಲ್ಲಿಯೊಂದು ಬ್ರಿಜ್ ಡಯೋಡಿನ ಮೇಲೆ ಮುಂಗಾಲು, ಕೆಪ್ಯಾಸಿಟರಿನ ಬುಡದಲ್ಲಿ ಹಿಂಗಾಲು ಇಟ್ಟು ಹಾಗೇ ಕರಿದು ಹೋಗಿತ್ತು. ಬೆಚ್ಚಗಿನ ಜಾಗ ಹುಡುಕಿ ಬಂದ ಪ್ರಾಣಿ. ಅದರ ಕೆಳಗೆ ಬೋರ್ಡು ಕಪ್ಪಾಗಿತ್ತು. ಹಾಗೆ ಸುಟ್ಟು ಇದ್ದಿಲಾದ ಜಾಗ ಕರೆಂಟ್ ಹರಿಸುತ್ತದೆ. ಒರೆಸಿದರೆ ಸಾಲದು, ಚಾಕುವಿನ ತುದಿಯಿಂದ ಕಪ್ಪು ಹೋಗಿ ಒಳಗಿನ ಬಣ್ಣ ಕಾಣುವ ತನಕ ಕೆರೆಯಬೇಕು.

ಕೆಂಪು ದೀಪ ಇದೆ, ಟಿವಿ ಏಳುವುದಿಲ್ಲ

ಕೋಲ್ಡ್ ಕಡೆಯ ಕನೆಕ್ಟರಿನ ಪಕ್ಕ ವೋಲ್ಟೇಜುಗಳ ಹೆಸರು ಮುದ್ರಿಸಿರುತ್ತಾರೆ. ಸ್ಟ್ಯಾಂಡ್‌ಬೈ 5 ವೋಲ್ಟ್, ಕೆಲವದರಲ್ಲಿ 3.3. ರಿಮೋಟ್ ಒತ್ತಿದಾಗ 12 ವೋಲ್ಟ್ ಏಳಬೇಕು. 12 ಬರುವ ಬದಲು ಏಳು, ಎಂಟರ ಹತ್ತಿರ ಏರಿಳಿಯುತ್ತಿದ್ದರೆ, ಟಿಕ್ ಟಿಕ್ ಶಬ್ದ ಬರುತ್ತಿದ್ದರೆ, ಕೋಲ್ಡ್ ಕಡೆಯ ಸಣ್ಣ ಕೆಪ್ಯಾಸಿಟರುಗಳ ತಲೆ ನೋಡಿ. ಚಪ್ಪಟೆಯಾಗಿರಬೇಕಾದದ್ದು ಇಡ್ಲಿಯ ಹಾಗೆ ಉಬ್ಬಿದ್ದರೆ ಸಿಕ್ಕಿತು. ಉಬ್ಬದೆಯೂ ಒಳಗೆ ಒಣಗಿರಬಹುದು. ಇಎಸ್‌ಆರ್ ಮೀಟರ್ (ಕೆಪ್ಯಾಸಿಟರಿನ ಒಳ ರೆಸಿಸ್ಟೆನ್ಸ್ ಅಳೆಯುವುದು) ಇದ್ದರೆ ಗೊತ್ತಾಗುತ್ತದೆ. ಬದಲಿಸುವಾಗ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟ್, 105 ಡಿಗ್ರಿಯದ್ದು. ಮೈನಸ್ ಪಟ್ಟಿಯ ದಿಕ್ಕು ತಪ್ಪಿದರೆ ಸಿಡಿಯುತ್ತದೆ, ಅದಕ್ಕೇ ಮೊದಲ ಸಲ ಸೀರೀಸ್ ಬೋರ್ಡಿನಲ್ಲೇ ಹಾಕಿ, ಮುಖ ದೂರ ಇಡಿ.

ಸೌಂಡ್ ಇದೆ, ಚಿತ್ರ ಇಲ್ಲ

ಅಕ್ಕೋರ ಟಿವಿಗೆ ಬರೋಣ. ಟಾರ್ಚ್ ಬೆಳಕಲ್ಲಿ ಚಿತ್ರ ಕಂಡರೆ ಮೇನ್ ಬೋರ್ಡ್, ಟಿ-ಕಾನ್, ಪ್ಯಾನೆಲ್ ಮೂರೂ ಕೆಲಸ ಮಾಡುತ್ತಿವೆ. ಉಳಿದದ್ದು ಎಲ್‌ಇಡಿ ಪಟ್ಟಿ ಅಥವಾ ಅದನ್ನು ನಡೆಸುವ ಡ್ರೈವರ್.

ಎರಡರಲ್ಲಿ ಯಾವುದು ಅಂತ ತಿಳಿಯಲು ಬ್ಯಾಕ್‌ಲೈಟ್ ಕನೆಕ್ಟರಿಗೆ ಕರೆಂಟ್ ಇಲ್ಲದಾಗ ಕ್ಲಿಪ್ ಹಾಕಿ. ಮೀಟರ್ 1000 ವೋಲ್ಟ್ ಡಿಸಿ ರೇಂಜಿನಲ್ಲಿ ಇರಲಿ, ಇಲ್ಲಿ ನೂರು, ನೂರೈವತ್ತು ವೋಲ್ಟ್ ಸಾಮಾನ್ಯ. ಈಗ ಟಿವಿ ಆನ್ ಮಾಡಿ. ವೋಲ್ಟೇಜ್ ಒಂದು ಕ್ಷಣ ಮೇಲೆ ಹಾರಿ ಕೆಳಗೆ ಬಿದ್ದರೆ ಡ್ರೈವರ್ ಪ್ರಯತ್ನ ಪಟ್ಟಿದೆ, ಎಲ್‌ಇಡಿ ಸರಣಿ ಎಲ್ಲೋ ತುಂಡಾಗಿದೆ. ಏನೂ ಏರದೇ ಇದ್ದರೆ ಮೇನ್ ಬೋರ್ಡಿನಿಂದ ಬರುವ ಬಿಎಲ್-ಆನ್ (ಬ್ಯಾಕ್‌ಲೈಟ್ ಹೊತ್ತಿಸು ಅಂತ ಹೇಳುವ) ಪಿನ್ ನೋಡಿ. ಅಲ್ಲಿ ಮೂರು ವೋಲ್ಟಿನ ಆಸುಪಾಸು ಸಿಕ್ಕಿಯೂ ಡ್ರೈವರ್ ಮಲಗಿದ್ದರೆ ತಪ್ಪು ಡ್ರೈವರಿನದ್ದು. ಅಕ್ಕೋರ ಟಿವಿಯಲ್ಲಿ ಹಾರಿ ಬಿದ್ದಿತು.

ಎಲ್‌ಇಡಿಗಳೆಲ್ಲ ದೀಪಾವಳಿಯ ಹಳೇ ಸರದ ಹಾಗೆ ಒಂದರ ಹಿಂದೆ ಒಂದು. ಒಂದು ಸತ್ತರೆ ಪೂರ್ತಿ ಸಾಲು ಕತ್ತಲು. ಅದನ್ನು ಹುಡುಕಲು ಪ್ಯಾನೆಲ್ ಎತ್ತಬೇಕು. ಈ ಇಡೀ ಕೆಲಸದಲ್ಲಿ ಎದೆ ಡಬಡಬ ಅನ್ನುವುದು ಇಲ್ಲಿ ಮಾತ್ರ.

ಹಾಸಿಗೆಯ ಮೇಲೆ ಒಗೆದ ಬಟ್ಟೆ ಹಾಸಿ. ಇಬ್ಬರು ಬೇಕೇ ಬೇಕು. ಫ್ಯಾನ್ ಆಫ್ ಮಾಡಿ, ಧೂಳು ಹಾರಬಾರದು. ಮೊದಲು ಟಿ-ಕಾನ್‌ನಿಂದ ಪ್ಯಾನೆಲ್ಲಿಗೆ ಹೋಗುವ ರಿಬ್ಬನ್ನುಗಳ ಲಾಕ್ ಎತ್ತಿ ಬಿಡಿಸಿ. ಸುತ್ತಲಿನ ಚೌಕಟ್ಟು ತೆಗೆದ ಮೇಲೆ ಗಾಜು ಬರೀ ತನ್ನ ಭಾರದಲ್ಲಿ ಕೂತಿರುತ್ತದೆ. ಅದರ ಒಂದು ಅಂಚಿಗೆ ಉದ್ದನೆಯ ಹಸಿರು ಪಟ್ಟಿ, ಆ ಪಟ್ಟಿಗೂ ಗಾಜಿಗೂ ನಡುವೆ ಕಂದು ಬಣ್ಣದ ತೆಳು ಫಿಲ್ಮಿನ ತುಂಡುಗಳು. ಈ ಫಿಲ್ಮ್ ಮಡಚಿದರೆ ಅಥವಾ ಜಗ್ಗಿದರೆ ಪ್ಯಾನೆಲ್ ಮುಗಿದಂತೆ. ಆ ಕಡೆ ನಿಂತವರು ಹಸಿರು ಪಟ್ಟಿಯನ್ನೂ ಗಾಜನ್ನೂ ಸೇರಿಸಿ ಹಿಡಿದು, ಇಬ್ಬರೂ ಒಟ್ಟಿಗೆ ನೇರ ಮೇಲಕ್ಕೆ ಎತ್ತಿ. ನಾನೂ ನನ್ನ ಹುಡುಗನೂ ಎತ್ತುವ ಮೊದಲು ಎಣಿಸುತ್ತೇವೆ, ಇಳಿಸುವಾಗಲೂ ಎಣಿಸುತ್ತೇವೆ.

ಕೆಳಗೆ ಎರಡು ಮೂರು ಬಿಳಿ ಹಾಳೆಗಳು, ಅದರ ಕೆಳಗೆ ಬೆಳಕು ಹರಡುವ ದಪ್ಪ ಡಿಫ್ಯೂಸರ್. ಒಂದು ಮೂಲೆಯಲ್ಲಿ ಪೆನ್ಸಿಲ್ ಗುರುತು ಹಾಕಿ, ಎಲ್ಲವನ್ನೂ ಅದೇ ಕ್ರಮದಲ್ಲಿ, ಅದೇ ಮುಖ ಮೇಲಾಗಿ ಪಕ್ಕಕ್ಕೆ ಇಡಿ. ಬೆರಳಚ್ಚು ಬೀಳಬಾರದು, ಹತ್ತಿಯ ಕೈಗವಸು ಹಾಕಿ. ಹಾಳೆ ತಿರುವು ಮುರುವಾದರೆ ಟಿವಿ ಹೊತ್ತಿದಾಗ ಬೆಳಕು ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಆಗ ಮತ್ತೆ ಮೊದಲಿನಿಂದ.

ಪಟ್ಟಿಯ ಪ್ರತಿ ಎಲ್‌ಇಡಿಯನ್ನು ಎಲ್‌ಇಡಿ ಟೆಸ್ಟರಿನಿಂದ ಮುಟ್ಟಿ ನೋಡಿ. ಸಾದಾ ಮೀಟರಿನ ಡಯೋಡ್ ಮೋಡಿನಲ್ಲಿ 6 ವೋಲ್ಟಿನ ಎಲ್‌ಇಡಿ ಹೊತ್ತುವುದಿಲ್ಲ, ಅದನ್ನು ನಂಬಿ ಎಲ್ಲ ಸತ್ತಿದೆ ಅನ್ನಬೇಡಿ. ಟೆಸ್ಟರ್ ಪೆಟ್ಟಿಗೆ ಆಟದ ಸಾಮಾನಿನ ಹಾಗೆ ಕಂಡರೂ ಅದರ ಪ್ರೋಬಿನಲ್ಲಿ ಇನ್ನೂರು, ಮುನ್ನೂರು ವೋಲ್ಟ್ ಇರಬಹುದು. ತುದಿ ಮುಟ್ಟಬೇಡಿ. ಅಕ್ಕೋರ ಟಿವಿಯಲ್ಲಿ ಎರಡನೇ ಪಟ್ಟಿಯ ನಾಲ್ಕನೆಯದು ಸತ್ತಿತ್ತು. ಅದರ ಹಳದಿ ಮೈಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕಿ.

ಒಂದನ್ನೇ ಬದಲಿಸಬೇಕಾ, ಎಲ್ಲ ಪಟ್ಟಿಗಳನ್ನಾ? ಎಲ್ಲವನ್ನೂ ಅನ್ನುವುದು ನನ್ನ ಅಭಿಪ್ರಾಯ. ಒಂದು ಸತ್ತಿದೆ ಅಂದರೆ ಉಳಿದವೂ ಅಷ್ಟೇ ಬಿಸಿ ತಿಂದಿವೆ. ಆರು ತಿಂಗಳಿಗೆ ಮತ್ತೆ ಗಾಜು ಎತ್ತುವ ಧೈರ್ಯ ನನಗಿಲ್ಲ. ಸತ್ತ ಎಲ್‌ಇಡಿಗೆ ತಂತಿ ಹಾಕಿ ದಾಟಿಸುವವರೂ ಇದ್ದಾರೆ. ಕೆಲವು ದಿನ ನಡೆಯುತ್ತದೆ, ಪರದೆಯ ಮೇಲೆ ನೆರಳಿನ ಮಚ್ಚೆ ಉಳಿಯುತ್ತದೆ. ಹುಬ್ಬಳ್ಳಿಯಿಂದ ತರಿಸುವಾಗ ಟಿವಿ ಮಾಡೆಲ್ ಮಾತ್ರ ಹೇಳಬೇಡಿ. ಪಟ್ಟಿಯ ಮೇಲಿನ ಕೋಡ್, ಎಲ್‌ಇಡಿಯ ಎಣಿಕೆ, ಉದ್ದ, 3 ವೋಲ್ಟಾ 6 ವೋಲ್ಟಾ, ಎಲ್ಲ ಫೋಟೋ ಸಮೇತ ಕಳಿಸಿ. ಹೊಸ ಪಟ್ಟಿ ಅಂಟಿಸಿ, ಹಾಳೆ ಹಾಕುವ ಮೊದಲೇ ಟೆಸ್ಟರಿನಿಂದ ಹೊತ್ತಿಸಿ ನೋಡಿ. ಆಮೇಲೆ ಮೆನುವಿನಲ್ಲಿ ಬ್ಯಾಕ್‌ಲೈಟನ್ನು 60, 70ಕ್ಕೆ ಇಳಿಸಿ ಕೊಡಿ. ಅಂಗಡಿಯಲ್ಲಿ ಮಿಂಚಲಿ ಅಂತ 100ರಲ್ಲಿ ಇಟ್ಟದ್ದನ್ನು ಮನೆಯಲ್ಲೂ ಯಾರೂ ಇಳಿಸುವುದಿಲ್ಲ. ಎಲ್‌ಇಡಿ ಬೇಗ ಸಾಯುವುದು ಆ ಬಿಸಿಗೇ.

ಬೆಳಕಿದೆ, ಆದರೆ ಗೆರೆ, ಬಣ್ಣಗೇಡು, ಅರ್ಧ ಚಿತ್ರ

ಇದು ಟಿ-ಕಾನ್, ರಿಬ್ಬನ್ ಅಥವಾ ಪ್ಯಾನೆಲ್. ಟಿ-ಕಾನಿಗೆ 12 ವೋಲ್ಟ್ ಬರುವ ದಾರಿಯಲ್ಲಿ ಅಕ್ಕಿಕಾಳಿನಷ್ಟು ಫ್ಯೂಸ್ ಇರುತ್ತದೆ, ಎರಡೂ ತುದಿಯಲ್ಲಿ 12 ಇದೆಯಾ ನೋಡಿ. ಸಣ್ಣ ಪ್ಯಾನೆಲ್ಲುಗಳಲ್ಲಿ 5 ವೋಲ್ಟ್ ಇರಬಹುದು. ಪರೀಕ್ಷೆಯ ಜಾಗಗಳಲ್ಲಿ ವಿಜಿಎಚ್ (ಪಿಕ್ಸೆಲ್ ತೆರೆಯುವ ವೋಲ್ಟೇಜ್) ಇಪ್ಪತ್ತು, ಮೂವತ್ತು ವೋಲ್ಟ್, ವಿಜಿಎಲ್ (ಮುಚ್ಚುವುದು) ಮೈನಸ್ಸಿನಲ್ಲಿ ಐದರಿಂದ ಹತ್ತು ಇದ್ದರೆ ಟಿ-ಕಾನ್ ಬಹುಮಟ್ಟಿಗೆ ಆರೋಗ್ಯ. ಕೂದಲೆಳೆಯಷ್ಟು ತೆಳುವಾದ ಉದ್ದ ಗೆರೆ ಒಂದೇ ಜಾಗದಲ್ಲಿ ನಿಂತಿದ್ದು, ಅಂಚನ್ನು ಮೆಲ್ಲಗೆ ಮುಟ್ಟಿದಾಗ ಬಂದು ಹೋಗುತ್ತಿದ್ದರೆ, ಆ ಕಂದು ಫಿಲ್ಮಿನ ಅಂಟು ಬಿಟ್ಟಿದೆ. ಅದಕ್ಕೆ ವಿಶೇಷ ಬಾಂಡಿಂಗ್ ಯಂತ್ರ ಬೇಕು. ಟೇಪು, ರಬ್ಬರ್ ತುಂಡು ಸಿಕ್ಕಿಸಿ ಒತ್ತಿಡುವುದು ಒಂದು ಕ್ರಿಕೆಟ್ ಮ್ಯಾಚ್ ನೋಡುವಷ್ಟು ಕಾಲ ನಡೆದೀತು.

ಆದರೆ ನಮ್ಮ ಕರಾವಳಿಯಲ್ಲಿ ಈ ಗೆರೆ, ಬಣ್ಣಗೇಡುಗಳಿಗೆ ಇನ್ನೊಂದು ಕಾರಣ ಇದೆ. ಬೈತಖೋಲ, ಮಾಜಾಳಿ, ಅಂಕೋಲೆಯ ಕಡಲಂಚಿನ ಮನೆಗಳ ಟಿವಿ ಬಿಚ್ಚಿದಾಗ ರಿಬ್ಬನ್ ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಸಿಗುತ್ತದೆ, ದೇವರ ಮನೆಯಲ್ಲಿ ತೊಳೆಯದೆ ಬಿಟ್ಟ ತಾಮ್ರದ ಹರಿವಾಣದ ಹಾಗೆ. ಎಲ್ಲರೂ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜುತ್ತಾರೆ. ಬೆಳ್ಳಗಾಗುತ್ತದೆ, ಎರಡು ತಿಂಗಳಿಗೆ ಮತ್ತೆ ಹಸಿರು. ನಾನೂ ವರ್ಷಗಟ್ಟಲೆ ಹೀಗೇ ಮಾಡಿದೆ. ಉಪ್ಪು ಆಲ್ಕೋಹಾಲಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಕರಗುತ್ತದೆ. ಉಪ್ಪು ಕರಗುವುದು ನೀರಿನಲ್ಲಿ. ಮೀನು ಒಣಗಿಸುವ ಊರಿನವನಿಗೆ ಇದು ಹೊಳೆಯಲು ಅಷ್ಟು ಕಾಲ ಬೇಕಾಯಿತಲ್ಲ ಅಂತ ನಗು ಬರುತ್ತದೆ.

ಹಾಗಾಗಿ ಕ್ರಮ ಹೀಗೆ. ಬೋರ್ಡನ್ನು ಟಿವಿಯಿಂದ ಪೂರ್ತಿ ಬಿಡಿಸಿ, ಕೆಪ್ಯಾಸಿಟರ್ ಖಾಲಿ ಆಗಿದೆ ಅಂತ ಖಚಿತ ಮಾಡಿಕೊಳ್ಳಿ. ಡಿಸ್ಟಿಲ್ಡ್ ನೀರು ತನ್ನಿ. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿ ನೀರು ಅಂತ ಸಿಗುತ್ತದೆ, ಆಸಿಡ್ ಅಲ್ಲ ಅಂತ ಲೇಬಲ್ ಓದಿ. ಬಾವಿ ನೀರು, ನಲ್ಲಿ ನೀರು ಬೇಡ. ಮೆತ್ತಗಿನ ಹಲ್ಲುಜ್ಜುವ ಬ್ರಷ್ಷಿನಿಂದ ಕಿಲುಬಿನ ಜಾಗ ಎರಡು ಮೂರು ಸಲ ತೊಳೆಯಿರಿ. ಟ್ರಾನ್ಸ್‌ಫಾರ್ಮರ್, ರಿಲೇ, ರಿಮೋಟಿನ ಸೆನ್ಸರ್ ನೆನೆಯದಿರಲಿ. ಈಗ ಐಪಿಎ ಹಾಕಿ, ಅದು ನೀರನ್ನು ಎಳೆದುಕೊಂಡು ಹಾರಿಹೋಗುತ್ತದೆ. ಐಪಿಎ ಬೇಗ ಬೆಂಕಿ ಹಿಡಿಯುತ್ತದೆ. ಊದಿನಕಡ್ಡಿ, ದೀಪ, ಬಿಸಿ ಐರನ್ ಹತ್ತಿರ ಇರಬಾರದು, ಕಿಟಕಿ ತೆಗೆದಿರಲಿ. ಆಮೇಲೆ ಒಂದು ಪೂರ್ತಿ ದಿನ ಫ್ಯಾನಿನ ಎದುರು ಒಣಗಲಿ. ಆಷಾಢದಲ್ಲಾದರೆ ಎರಡು ದಿನ. ಕೊನೆಗೆ ಕನೆಕ್ಟರುಗಳಿಗೆ ಟೇಪ್ ಹಚ್ಚಿ ಮುಚ್ಚಿ, ಉಳಿದ ಜಾಗಕ್ಕೆ ತೇವ ತಡೆಯುವ ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ ಸ್ಪ್ರೇ ಹೊಡೆಯಿರಿ. ಇಷ್ಟು ಮಾಡಿದ ಬೋರ್ಡುಗಳು ಸುಲಭಕ್ಕೆ ವಾಪಸ್ ಬರುವುದಿಲ್ಲ.

2019ರ ಆಗಸ್ಟ್‌ನಲ್ಲಿ ಕಾಳಿ ನದಿ ಉಕ್ಕಿದಾಗ ಕದ್ರಾ ಕಡೆಯ ಮನೆಗಳಿಗೆ ನೀರು ನುಗ್ಗಿತಲ್ಲ, ಅಂಥ ನೆರೆಯಲ್ಲಿ ಮುಳುಗಿದ ಟಿವಿಯನ್ನು ನಡೆಯುತ್ತದಾ ಅಂತ ಒಮ್ಮೆಯೂ ಹಾಕಿ ನೋಡಬಾರದು. ಬೋರ್ಡುಗಳನ್ನು ಮೇಲೆ ಹೇಳಿದ ಹಾಗೆ ತೊಳೆದರೆ ಬದುಕುತ್ತವೆ. ಪ್ಯಾನೆಲ್ ಒಳಗೆ ಕೆಸರು ನೀರು ಹೋಗಿದ್ದರೆ ಆಸೆ ಬಿಡಿ.

ಕೆಂಪು ಅಂಕಿಗಳ ಡಿಸ್‌ಪ್ಲೇ

ಗಡಿಯಾರ, ಸ್ಟೆಬಿಲೈಜರ್, ದೇವಸ್ಥಾನದ ಹೊರಗಿನ ಸಮಯದ ಬೋರ್ಡ್, ಇವೆಲ್ಲ ಸೆವೆನ್ ಸೆಗ್ಮೆಂಟ್, ಅಂದರೆ ಏಳು ಗೆರೆಗಳಲ್ಲಿ ಅಂಕಿ ಮೂಡಿಸುವುದು. ಇಲ್ಲಿ ಮೀಟರ್ ಹಿಡಿಯುವ ಮೊದಲೇ ಕಣ್ಣಿನಿಂದ ರೋಗ ಹೇಳಬಹುದು. ಒಂದೇ ಅಂಕಿಯಲ್ಲಿ ಒಂದೇ ಗೆರೆ ಇಲ್ಲ, ಉಳಿದ ಅಂಕಿಗಳಲ್ಲಿ ಆ ಗೆರೆ ಇದೆ ಅಂದರೆ ಆ ಎಲ್‌ಇಡಿಯೇ ಸತ್ತಿದೆ. ಎಲ್ಲ ಅಂಕಿಗಳಲ್ಲೂ ಅದೇ ಗೆರೆ ಇಲ್ಲ ಅಂದರೆ ಆ ಗೆರೆಗೆ ಹೋಗುವ ರೆಸಿಸ್ಟರ್ ಅಥವಾ ಡ್ರೈವರಿನ ಕಾಲು. ಒಂದು ಅಂಕಿ ಪೂರ್ತಿ ಕತ್ತಲೆಯಾದರೆ ಆ ಅಂಕಿಯನ್ನು ಆನ್ ಮಾಡುವ ಟ್ರಾನ್ಸಿಸ್ಟರ್. ಅಂಕಿಗಳನ್ನು ಒಂದರ ನಂತರ ಒಂದು ವೇಗವಾಗಿ ಹೊತ್ತಿಸಿ ಎಲ್ಲ ಒಟ್ಟಿಗೆ ಇವೆ ಅಂತ ನಮ್ಮ ಕಣ್ಣಿಗೆ ಮಂಕುಬೂದಿ ಎರಚುತ್ತಾರೆ, ಅದಕ್ಕೇ ಈ ಲೆಕ್ಕ ಕೂಡಿಬರುವುದು. ಒಂದೇ ಅಂಕಿ ಹೊತ್ತಿ, ಅದೂ ತುಂಬ ಪ್ರಕಾಶವಾಗಿ ನಿಂತುಬಿಟ್ಟಿದ್ದರೆ ನಡೆಸುವ ಐಸಿ ನಿಂತಿದೆ. ಕೂಡಲೇ ಆಫ್ ಮಾಡಿ, ಇಲ್ಲದಿದ್ದರೆ ಆ ಅಂಕಿಯೂ ಸುಡುತ್ತದೆ.

ಮೀನು ಮಾರ್ಕೆಟ್ಟಿನ ತಕ್ಕಡಿಗೂ ಇದೇ ಅಂಕಿ, ಇದೇ ರೋಗ, ಉಪ್ಪು ನೀರು ಇನ್ನೂ ಜಾಸ್ತಿ. ಆದರೆ ಅದರ ಸೀಲ್ ಮುರಿಯಬೇಡಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ತೂಕದ ಯಂತ್ರ ರಿಪೇರಿಗೆ ಲೈಸೆನ್ಸ್ ಬೇಕು. ಪರಿಚಯದ ಮೀನು ಮಾರುವಾಕೆ ಎಷ್ಟೇ ಕೇಳಿಕೊಂಡರೂ, ಪಾಪ್ಲೆಟ್ ಮೀನು ಕೊಡುತ್ತೇನೆ ಅಂದರೂ, ನಾನು ಲೈಸೆನ್ಸ್ ಇರುವವರ ಹತ್ತಿರ ಕಳಿಸುತ್ತೇನೆ.

ಮುಚ್ಚುವ ಮೊದಲು

ರಿಪೇರಿ ಆದ ಟಿವಿಯನ್ನು ಕೂಡಲೇ ಕೊಡಬೇಡಿ. ಮೊದಲು ಸೀರೀಸ್ ಬೋರ್ಡ್, ಆಮೇಲೆ ನೇರ ಕರೆಂಟ್, ಆಮೇಲೆ ಹಿಂದಿನ ಕವರ್ ಹಾಕಿ ಎರಡು ಗಂಟೆ ಓಡಿಸಿ. ಕೆಲವು ಬೆಸುಗೆಗಳು ಬಿಸಿಯಾದ ಮೇಲೆಯೇ ಬಿಡುತ್ತವೆ. ಟಿವಿ ವಾಪಸ್ ಕೊಡುವಾಗ ಗುಡುಗು ಬಂದರೆ ಪ್ಲಗ್ ಜೊತೆ ಡಿಶ್ ಕೇಬಲ್ಲನ್ನೂ ಕೀಳಿ ಅಂತ ಹೇಳಿ. ಪ್ಲಗ್ ಕಿತ್ತಿಟ್ಟರೂ ಕೇಬಲ್ ದಾರಿಯಲ್ಲಿ ಬಂದ ಏಟಿಗೆ ಎಚ್‌ಡಿಎಂಐ ಸುಟ್ಟ ಟಿವಿಗಳು ಪ್ರತಿ ಮೇ ತಿಂಗಳು ನನ್ನ ಹತ್ತಿರ ಬರುತ್ತವೆ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಟಿವಿ ಹಾಕಿ ಅನ್ನಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಗಣೇಶ ಚೌತಿಗೆ ಅಂತ ಊರಿಗೆ ಬಂದು, ತಿಂಗಳುಗಟ್ಟಲೆ ಮುಚ್ಚಿಟ್ಟ ಟಿವಿ ಆನ್ ಮಾಡುವವರದ್ದೇ ನನಗೆ ಆ ವಾರ ಪೂರ್ತಿ ಕೆಲಸ.

ಕವರ್ ಒಳಭಾಗದಲ್ಲಿ ತಾರೀಖು, ಏನು ಬದಲಿಸಿದಿರಿ ಅಂತ ಮಾರ್ಕರಿನಲ್ಲಿ ಬರೆಯಿರಿ. ಅಕ್ಕೋರ ಟಿವಿಯ ಒಳಗೆ "ಪಟ್ಟಿ ಮೂರೂ ಹೊಸದು, ರಿಬ್ಬನ್ ತೊಳೆದಿದೆ, ಬ್ಯಾಕ್‌ಲೈಟ್ 65" ಅಂತ ಬರೆದಿದ್ದೇನೆ. ಮುಂದೆ ಯಾರು ಬಿಚ್ಚಿದರೂ ಅವರಿಗೆ ಅಷ್ಟು ತಿಳಿದಿರಲಿ.